ಬೇರೆ ಬಟ್ಟಲಿನ ಸಾರು

ಪುಕ್ಕಟೆ ಸಿಗುವ ಯಾವುದನ್ನೂ ವನಜ ನಂಬಿದವಳಲ್ಲ. ಮೂವತ್ತು ವರ್ಷ ಕೋಟೇಶ್ವರದ ಮಾರ್ಕೆಟ್ಟಿನಲ್ಲಿ ಮೀನು ಮಾರಿದ ಹೆಂಗಸು ಅವಳು. ಹತ್ತು ಬಂಗುಡೆಯ ಮೇಲೆ ಹನ್ನೊಂದನೆಯದನ್ನು ಕೊಸರು ಅಂತ ಎಸೆಯುವಾಗ ಮಾರುವವಳ ಮನಸ್ಸಿನಲ್ಲಿ ಏನಿರುತ್ತದೆಂದು ಅವಳಿಗೆ ಗೊತ್ತಿಲ್ಲವೇ? ಹಾಗಿರುವಾಗ ಬ್ರಹ್ಮಾವರದಲ್ಲಿ ಯಾರೋ ಟ್ರಸ್ಟಿನವರು ವಾರಕ್ಕೆ ಮೂರು ದಿನ ಅವಳ ತಮ್ಮ ಚಂದಯ್ಯನನ್ನು ಕರೆಸಿ, ಬಸ್ಸಿನ ಚಾರ್ಜು ಕೈಗೆ ಕೊಟ್ಟು, ಮಧ್ಯಾಹ್ನ ಊಟ ಹಾಕಿ, ಮೈದಾನದ ಸುತ್ತ ಓಡಿಸಿ ಕಳಿಸುತ್ತಾರೆ ಎಂದರೆ ಅದರ ಹಿಂದೆ ಏನೂ ಇಲ್ಲವಂತೆ! ಯಾರ ಕಿವಿ ಮೇಲೆ ಹೂವಿಡುತ್ತಾರೆ ಇವರು?

2011ರ ನವರಾತ್ರಿ ಕಳೆದ ಮೇಲೆ ಒಂದು ಸೋಮವಾರ ಅವಳು ವ್ಯಾಪಾರ ಬಿಟ್ಟು ಚಂದಯ್ಯನ ಜೊತೆ ತಾನೂ ಬಸ್ಸು ಹತ್ತಿದಳು. ಕಣ್ಣಾರೆ ನೋಡದೆ ಬಿಡುವ ಜಾತಿಯೇ ಅಲ್ಲ ಅದು. ಒಂದು ಕಾಲದಲ್ಲಿ ಅಕ್ಕಿ ಮಿಲ್ಲಿನ ಗೋದಾಮಾಗಿದ್ದ ಹೆಂಚಿನ ಕಟ್ಟಡ, ಎದುರಿಗೆ ಸಣ್ಣ ಮೈದಾನ. ಹತ್ತು ಹನ್ನೆರಡು ಮಂದಿ ಗಂಡಸರು ಹೆಂಗಸರು, ಒಬ್ಬೊಬ್ಬರಿಗೂ ಮೂವತ್ತು ನಲವತ್ತು ವರ್ಷ, ಕೈ ಬೀಸಿಕೊಂಡು ಸುತ್ತು ಹಾಕುತ್ತಿದ್ದರು. ಕುತ್ತಿಗೆಗೆ ಸೀಟಿ ನೇತುಹಾಕಿಕೊಂಡ ಒಂದು ಹುಡುಗಿ ಅವರ ಜೊತೆ ತಾನೂ ನಡೆಯುತ್ತಿತ್ತು. ನಲವತ್ತು ನಿಮಿಷ ಹೀಗೆ. ಆಮೇಲೆ ಒಳಗೆ ಹೋಗಿ ಬೆಂಚಿನ ಸುತ್ತ ಕುಳಿತರು. ಹುಡುಗಿ ಒಂದು ತಟ್ಟೆಯಲ್ಲಿ ಬಾಚಣಿಗೆ, ಬೀಗದ ಕೈ, ಕಡ್ಡಿಪೆಟ್ಟಿಗೆ, ನಿಂಬೆಹಣ್ಣು ಹೀಗೆ ಹತ್ತು ಸಾಮಾನು ಇಟ್ಟು ತೋರಿಸಿ, ಬಟ್ಟೆ ಮುಚ್ಚಿ, ಒಂದೆರಡನ್ನು ಮೆಲ್ಲಗೆ ತೆಗೆದು, "ಈಗ ಯಾವುದ್ ಇಲ್ಲ?" ಎಂದು ಕೇಳಿತು, ಹೀಗೆ ಹತ್ತು ಸಲ. ಎಲ್ಲರೂ ಹುಬ್ಬು ಗಂಟಿಕ್ಕಿ ಯೋಚಿಸತೊಡಗಿದರು. ಸಾಯಲಿ, ಇದಕ್ಕೆ ಇಲ್ಲಿವರೆಗೆ ಬರಬೇಕೇ ಎಂದು ವನಜಳಿಗೆ ನಗು ಬಂತು.

ಊಟದ ಹೊತ್ತಿಗೆ ಆ ಹುಡುಗಿಯನ್ನೇ ಹಿಡಿದಳು. ಶಿರೂರಿನ ಕಡೆಯವಳಂತೆ, ಹೆಸರು ನವ್ಯಶ್ರೀ.

"ಇದೆಂತ ಮಾರಾಯ್ತಿ, ಶಾಲಿ ಮಕ್ಕಳ ಆಟ?"

"ಆಟದಂಗೇ ಕಾಂತ್ತ್ ಅಕ್ಕ," ನವ್ಯಶ್ರೀ ನಕ್ಕಳು. "ಆದ್ರೆ ಈ ಕಾಯ್ಲೆ ಬಂದವ್ರಿಗೆ ಇಲ್ಲದ ದನಿ ಕೇಂಬುದು, ಸಂಶಯ ಬಪ್ಪುದು ಒಂದೇ ಅಲ್ಲ ಕಾಣಿ. ನೆನಪು ಕಮ್ಮಿ ಆತ್ತ್, ಲಕ್ಷ್ಯ ನಿಲ್ಲೂದಿಲ್ಲ. ಮಾತ್ರೆ ಅದನ್ನ ಅಷ್ಟ್ ಸಮ ಮಾಡುದಿಲ್ಲ. ಮೈ ಬೆವರ್ವಷ್ಟ್ ನಡ್ದ್, ಆಮೇಲೆ ಮಂಡೆಗೆ ಇಂಥ ಕೆಲ್ಸ ಕೊಟ್ರೆ ನಿಧಾನಕ್ಕೆ ಚುರುಕಾತ್ರ್. ನಿಮ್ ಚಂದಣ್ಣ ಮೊದಲ್ ಬಂದಾಗ ಹತ್ತರಗೆ ಮೂರ್ ಹೇಳ್ತಿದ್ರ್. ಈಗ ಏಳು."

"ಅಂದ್ರೆ ಕಂಡದ್ದೆಲ್ಲ ನೆನಪಿಟ್ಕಂತ್ನಾ?"

"ಹೌದಕ್ಕ. ಇನ್ನು ಸಣ್ಣ ಸಣ್ಣದೂ ಅವ್ರ ಕಣ್ಣಿಗೆ ಬೀಳತ್ತ್ ಕಾಣಿ."

ವನಜ ಕೈಯ ತುತ್ತನ್ನು ತಟ್ಟೆಗೇ ಹಾಕಿದಳು.

ಯಾಕೆಂದರೆ ಅವಳ ಸೆರಗಿನ ಗಂಟಿನಲ್ಲಿ ಹನ್ನೆರಡು ವರ್ಷದ ಒಂದು ಗುಟ್ಟಿತ್ತು. ಚಂದಯ್ಯ ಮುಂಬಯಿಯ ಹೋಟೆಲಿನಲ್ಲಿ ಕೆಲಸ ಮಾಡಿಕೊಂಡಿದ್ದವನು 97ರಲ್ಲಿ ಒಂದು ದಿನ ಚಪ್ಪಲಿ ಕೂಡ ಇಲ್ಲದೆ ಬೀಜಾಡಿಯ ಮನೆಗೆ ಬಂದು ನಿಂತಿದ್ದ. ಹೋಟೆಲಿನ ಭಟ್ಟಿಯ ಹೊಗೆಯೊಳಗಿಂದ ತನ್ನ ಹೆಸರು ಕರೆಯುತ್ತಾರೆ ಎಂದ. ಕಿಟಕಿಗೆಲ್ಲ ಗೋಣಿ ಕಟ್ಟಿದ. ಒಂದು ಸಲ ಬೈಂದೂರಿನ ಹತ್ತಿರ ರೈಲು ಹಳಿಯ ಮೇಲೆ ನಡೆಯುತ್ತಿದ್ದವನನ್ನು ಯಾರೋ ಹಿಡಿದು ಕೂರಿಸಿದ್ದರು. ಅಮ್ಮ ಅದೇ ಕೊರಗಿನಲ್ಲಿ ತೀರಿಹೋದಳು. ಗಂಡನನ್ನು ಕಡಲಿಗೆ ಕೊಟ್ಟು ತವರಿಗೆ ಬಂದಿದ್ದ ವನಜಳೇ ಉಳಿದದ್ದು. ಉಡುಪಿಯ ಡಾಕ್ಟರು ಮಾತ್ರೆ ಬರೆದುಕೊಟ್ಟರು. ಅವಳು ಅಂಗೈಯಲ್ಲಿಟ್ಟು ಕೊಟ್ಟಳು, ಕೈಮುಗಿದಳು, ಬೈದಳು, ಅತ್ತಳು. ಚಂದಯ್ಯ ಅದನ್ನು ಬಾವಿಗೆ ಎಸೆದ. ಎರಡನೇ ಸಲ ಹೋದಾಗ ಡಾಕ್ಟರು ಮುಂದಿನ ಚೀಟಿಯ ಹೆಸರು ಕರೆಯುತ್ತಲೇ ಹೇಳಿದ್ದರು, "ತಕ್ಕೊಳ್ಳುದಿಲ್ಲ ಅಂದ್ರೆ ಊಟದಲ್ಲಿ ಹಾಕಿ ಕೊಡಿ."

ಅವಳು ಹಾಗೇ ಮಾಡಿದಳು. ಬೆಳಗಿನ ಗಂಜಿಗೆ ನಿನ್ನೆಯ ಮೀನು ಸಾರು, ಮಣ್ಣಿನ ಮಡಕೆಯಲ್ಲಿ ಕುದಿಕುದಿದು ದಪ್ಪಗಾದದ್ದು. ಹುಳಿ ಖಾರದ ಮಧ್ಯೆ ಯಾವ ಕಹಿ ಗೊತ್ತಾಗುತ್ತದೆ? ಚಂದಯ್ಯ ಏಳುವ ಮೊದಲೇ ಮಾತ್ರೆಯನ್ನು ಅರೆಯುವ ಕಲ್ಲಿನ ಮೇಲೆ ಪುಡಿ ಮಾಡಿ, ಒಂದು ಸಣ್ಣ ಬಟ್ಟಲಿನ ತಳಕ್ಕೆ ಹಾಕಿ, ಮೇಲೆ ಸಾರು ಹೊಯ್ಯುತ್ತಿದ್ದಳು. ಮೊದಮೊದಲು ಅವನು ದಿನಾ ಕೇಳುತ್ತಿದ್ದ, "ಎಂತ ಹಾಕಿದ್ದೆ ಇದ್ರೊಳ್ಗೆ?" ಅವಳು ಅವನ ತಲೆಯ ಮೇಲೆ ಕೈಯಿಟ್ಟು, ಅಮ್ಮನ ಹೆಸರು ಹಿಡಿದು, ಎಂತದೂ ಹಾಕಲಿಲ್ಲ ಎಂದು ಆಣೆ ಮಾಡುತ್ತಿದ್ದಳು. ಅವನು ನೆಂಟರ ಮನೆಗೆಲ್ಲ ಹೋಗಿ ಅಕ್ಕ ನನಗೆ ವಿಷ ಹಾಕುತ್ತಾಳೆ ಎಂದು ಹೇಳಿಕೊಂಡು ಬಂದ. ಅವರೆಲ್ಲ ತಲೆಯ ಹತ್ತಿರ ಬೆರಳು ತಿರುಗಿಸಿ ನಕ್ಕರು. ಸಾಕಿ ಸಲಹುವ ಅಕ್ಕನ ಮೇಲೆಯೇ ಇಂಥ ಸಂಶಯ ಬಂದರೆ ಅದು ಕಾಯಿಲೆಯಲ್ಲದೆ ಇನ್ನೇನು? ವನಜಳೂ ಅವರ ಜೊತೆ ತಲೆಯಾಡಿಸಿದ್ದಳು. ವರ್ಷ ಕಳೆಯುವುದರೊಳಗೆ ಚಂದಯ್ಯ ಕೇಳುವುದನ್ನು ಬಿಟ್ಟ. ಹೊಗೆಯೊಳಗಿನ ದನಿಯೂ ನಿಂತಿತು. ಅವನು ಉಣ್ಣುತ್ತಿದ್ದ, ಮಲಗುತ್ತಿದ್ದ, ಎದ್ದರೆ ಜಗಲಿಯಲ್ಲಿ ಕೂರುತ್ತಿದ್ದ. ಅಷ್ಟು ಸಾಕಾಗಿತ್ತು ಅವಳಿಗೆ.

ಈಗ ಈ ಸೀಟಿ ಹುಡುಗಿ ಬಂದು ಅವನ ಕಣ್ಣು ತೆರೆಸಲು ಹೊರಟಿದೆ. ಅವನಿಗೆ ಗೊತ್ತಾಯಿತೆಂದರೆ ಮುಗಿಯಿತು. ಅವಳ ಕೈಯ ತುತ್ತು ಮುಟ್ಟುವುದಿಲ್ಲ, ಮಾತ್ರೆ ಒಳಗೆ ಹೋಗುವುದಿಲ್ಲ, ಮತ್ತೆ ಕಿಟಕಿಗೆ ಗೋಣಿ, ಮತ್ತೆ ರೈಲು ಹಳಿ. ಅದಕ್ಕಿಂತ ದೊಡ್ಡದು ಇನ್ನೊಂದಿತ್ತು. ಅವನು ಊರಿಡೀ ಹೇಳಿದ್ದು ನಿಜವಾಗಿಬಿಡುತ್ತದಲ್ಲ!

ಮಾರ್ಕೆಟ್ಟಿನಲ್ಲಿ ಪಕ್ಕದ ಬುಟ್ಟಿಯ ಸೀತು ಇವಳಿಗಿಂತ ಒಂದು ಕೈ ಮೇಲೆ. "ಪುಕ್ಕಟೆ ಊಟ ಹಾಕ್ತ್ರ್ ಅಂದ್ರೆ ಕಿಡ್ನಿಗೇ ಮಾರಾಯ್ತಿ, ಬ್ಯಾರೆ ಎಂತಕ್ಕೂ ಅಲ್ಲ," ಎಂದಳು. "ನೆಡೆಸಿ ನೆಡೆಸಿ ಗಟ್ಟಿ ಮಾಡ್ತ್ರ್, ಆಮೇಲೆ ತೆಗಿತ್ರ್ ಅಂಬ್ರ್." ಚಂದಯ್ಯ ಬಾವಿಕಟ್ಟೆಯಲ್ಲಿ ಸ್ನಾನ ಮಾಡುವಾಗ ಮೂರು ದಿನ ವನಜ ಅವನ ಬೆನ್ನು ನೋಡಿದ್ದೇ ನೋಡಿದ್ದು. ಗಾಯ ಗೀಯ ಏನೂ ಇರಲಿಲ್ಲ. ಕೊಬ್ಬು ಕರಗಿ ಬೆನ್ನು ಸ್ವಲ್ಪ ನೆಟ್ಟಗಾಗಿತ್ತು, ಅಷ್ಟೆ. ಅದೂ ಅವಳಿಗೆ ಸಮಾಧಾನ ಕೊಡಲಿಲ್ಲ.

ಹೋಗುವುದು ಬೇಡ ಎಂದು ಹೇಳಲು ನೋಡಿದಳು. ಅವನೇ ಒಪ್ಪಲಿಲ್ಲ. ಮೊದಲು ಟ್ರಸ್ಟಿನವರು ಕೋಟೇಶ್ವರದಲ್ಲಿ ನಡೆಸಿದ ಕ್ಯಾಂಪಿನಲ್ಲಿ ನವ್ಯಶ್ರೀ ಅವನನ್ನು ಏನು ಕಷ್ಟ ಎಂದು ಕೇಳಿದ್ದಳಂತೆ. ಹಗಲಿಡೀ ನಿದ್ದೆ, ತಲೆಯೊಳಗೆ ಹತ್ತಿ ತುಂಬಿದ ಹಾಗೆ, ಕಂಡವರ ಹೆಸರು ನೆನಪಿಗೆ ಬರುವುದಿಲ್ಲ ಎಂದಿದ್ದನಂತೆ. ಹತ್ತು ವರ್ಷದಲ್ಲಿ ಅವನನ್ನೇ ಅವನ ಕಷ್ಟ ಕೇಳಿದವರು ಯಾರೂ ಇರಲಿಲ್ಲ. ಅದಕ್ಕೇ ಹೋಗುತ್ತಿದ್ದ. ಅಲ್ಲಿ ನಿಧಾನವಾಗಿ ಕಾಯಿಲೆಯ ಹೆಸರನ್ನೂ ಹೇಳಿಕೊಟ್ಟಿದ್ದರು. "ನಂಗೂ ಅದೇ ಅಂಬ್ರ್ ಅಕ್ಕ," ಎಂದು ಒಂದು ದಿನ ಬಂದು ಹೇಳಿದ್ದ. "ಆದ್ರೆ ನಂಗೆ ಮಾತ್ರೆ ಇಲ್ದೇ ಕಮ್ಮಿ ಆಯ್ತ್. ನಾ ಗಟ್ಟಿ." ವನಜ ಒಲೆಯ ಕಡೆ ಮುಖ ತಿರುಗಿಸಿದ್ದಳು. ಬ್ರಹ್ಮಾವರದ ಕೇಂದ್ರದವರು ಅವಳನ್ನು ಬೇರೆ ಕರೆದು ಮಾತ್ರೆ ತೆಗೆದುಕೊಳ್ಳುತ್ತಾನಾ ಎಂದು ಕೇಳಿದಾಗ "ತಕಂತ" ಎಂದಷ್ಟೇ ಹೇಳಿದ್ದಳು. ಅದರಲ್ಲಿ ಸುಳ್ಳೇನು ಬಂತು?

ನವೆಂಬರಿನಲ್ಲಿ ಮನೆಯಲ್ಲೂ ಅಭ್ಯಾಸ ಮಾಡಿಸಬೇಕು ಎಂದು ನವ್ಯಶ್ರೀ ಒಂದು ಪುಸ್ತಕ ಕೊಟ್ಟು ಕಳಿಸಿದಳು. ದಿನಾ ಕಾಲು ಗಂಟೆ, ತಟ್ಟೆ, ಹತ್ತು ಸಾಮಾನು, ಮೇಲೆ ಬಟ್ಟೆ. ಹತ್ತು ಸಲದಲ್ಲಿ ಎಷ್ಟು ಸರಿ ಹೇಳಿದ ಎಂದು ಅಕ್ಕ ಬರೆದಿಡಬೇಕು. ವನಜ ಎರಡನೇ ಕ್ಲಾಸು ಓದಿದವಳು, ಅಂಕಿ ಬರೆಯಲು ಬರುತ್ತಿತ್ತು. ಮೊದಲ ದಿನವೇ ಚಂದಯ್ಯ ಪಟಪಟನೆ ಒಂಬತ್ತು ಹೇಳಿಬಿಟ್ಟ.

ಮರುದಿನದಿಂದ ಅವಳೊಂದು ಕೆಲಸ ಮಾಡಿದಳು. ಒಳ್ಳೆಯ ಕೆಲಸವಲ್ಲ. ಅವಳಿಗೂ ಅದು ಗೊತ್ತಿತ್ತು. ಅವನು ಸರಿ ಹೇಳಿದ್ದನ್ನು ತಪ್ಪು ಎನ್ನತೊಡಗಿದಳು.

"ಸೂಜಿ ಇಲ್ಲೆ ಅಕ್ಕ. ನೀ ತೆಗ್ದೆ."

"ಸೂಜಿ ಇಟ್ಟದ್ದ್ ಯಾರಾ? ಸೂಜಿ ಮೊದ್ಲೇ ಇರ್ಲಿಲ್ಲೆ."

"ಇತ್ತಲ್ಲ, ನಾ ಕಂಡಿದೆ."

"ಇರ್ಲಿಲ್ಲೆ ಅಂದೆ ಅಲ್ದಾ?"

ಸೂಜಿ ಅವಳ ಸೆರಗಿನ ಅಂಚಿನಲ್ಲೇ ಚುಚ್ಚಿಕೊಂಡಿತ್ತು. ಚಂದಯ್ಯ ತಟ್ಟೆಯನ್ನು ನೋಡಿದ, ಅವಳ ಮುಖ ನೋಡಿದ, ಹಣೆ ಒತ್ತಿಕೊಂಡ. ಪಾಪ, ತನ್ನ ತಲೆಯ ಮೇಲೆ ತನಗೇ ಸಂಶಯ ಬಂದ ಮನುಷ್ಯನ ಮುಖ ನೋಡುವುದಕ್ಕೆ ಆಗುವುದಿಲ್ಲ. ಅವಳು ಪುಸ್ತಕದಲ್ಲಿ ಎರಡು ಎಂದು ಬರೆದಳು. ಆ ವಾರವಿಡೀ ಎರಡು, ಮೂರು, ಎರಡು.

ಆದರೆ ಕೇಂದ್ರದಲ್ಲಿ ಅವನು ಎಂಟಕ್ಕಿಂತ ಕೆಳಗೆ ಇಳಿಯುತ್ತಿರಲಿಲ್ಲ. ಪುಸ್ತಕ ನೋಡಿದ ನವ್ಯಶ್ರೀ ಕೋಟೇಶ್ವರದ ಮಾರ್ಕೆಟ್ಟಿಗೇ ಬಂದಳು, ಮೀನು ಕೊಳ್ಳುವ ನೆಪದಲ್ಲಿ. ಐದು ಬಂಗುಡೆ ಹಾಕಿಸಿಕೊಂಡು, ಚೀಲದ ಬಾಯಿ ಕಟ್ಟುತ್ತಾ ಕೇಳಿದಳು, "ಅಕ್ಕ, ಅಲ್ಲಿ ಎಂಟು ಹೇಳುವವ್ರ್ ಮನಿಯಗೆ ಎರಡೇ ಹೇಳೂದ್ ಎಂತಕ್ಕೆ?"

"ಮನಿಯಗೆ ನಿದ್ದಿ ಬತ್ತ್ ಅವಂಗೆ."

"ಬೆಳಿಗ್ಗೆನಾ? ಗಂಜಿ ಉಂಡ್ ಮೇಲಾ?"

ಈ ಪ್ರಶ್ನೆ ವನಜಳಿಗೆ ಸರಿ ಕಾಣಲಿಲ್ಲ. ಗಂಜಿಯ ಸುದ್ದಿ ಇವಳಿಗೆ ಯಾಕೆ ಬೇಕು? ಈ ಹುಡುಗಿಯ ಮೂಗಿಗೆ ಏನೋ ವಾಸನೆ ಬಡಿದಿದೆ. "ಬಂಗ್ಡಿ ತಕಂಡ್ ಆಯ್ತಲ್ಲ, ಹೋಯ್ನಿ," ಎಂದು ಕತ್ತಿಗೆ ನೀರು ಹಾಕಿ ತೊಳೆಯತೊಡಗಿದಳು. ನವ್ಯಶ್ರೀ ಹೋದಳು. ಹೋಗುವಾಗ ಎರಡು ಸಲ ತಿರುಗಿ ನೋಡಿದಳು. ವನಜ ಅದನ್ನೂ ಲೆಕ್ಕ ಇಟ್ಟಳು.

ಡಿಸೆಂಬರಿನ ಒಂದು ಬುಧವಾರ ಬೆಳಿಗ್ಗೆ ಚಂದಯ್ಯ ಎಂದಿನಂತೆ ಅಡುಗೆಮನೆಯಲ್ಲಿ ಮಣೆ ಹಾಕಿಕೊಂಡು ಕುಳಿತ. ಅವಳು ಗಂಜಿ ಬಡಿಸಿ, ಪಕ್ಕಕ್ಕೆ ಸಾರಿನ ಬಟ್ಟಲು ಇಟ್ಟಳು. ಅವನು ಮುಟ್ಟಲಿಲ್ಲ.

"ಅಕ್ಕ, ನಂಗೆ ಎಂತಕ್ಕೆ ಬ್ಯಾರೆ ಬಟ್ಲ್?"

"ಎಂತ ಬ್ಯಾರೆ?"

"ನೀ ಸಾರನ್ನ ಗಂಜಿ ಮೇಲೇ ಹೊಯ್ಕಂತೆ. ನಂಗೆ ಮಾತ್ರ ಬಟ್ಲಿಗೆ. ಅದೂ ಒಲಿ ಬದಿಗ್ ತಿರ್ಗಿ ನಿಂತ್. ನೀ ಬಡ್ಸಿದ್ ಹದ್ನಾಲ್ಕ್ ದಿನ ಕಂಡೆ ನಾನ್. ಒಂದಿನೂ ತಪ್ಲಿಲ್ಲೆ." ಅವನ ದನಿ ಏರಲಿಲ್ಲ. ಹಿಂದೆಲ್ಲ ಹೀಗೆ ಕೇಳುವಾಗ ಕಣ್ಣು ಕೆಂಪಾಗಿ ಉಸಿರು ಬುಸುಗುಡುತ್ತಿತ್ತು. ಈಗ ತಟ್ಟೆಯ ಮೇಲಿನ ಸಾಮಾನು ಹೇಳುವ ಹಾಗೆ ಒಂದೊಂದಾಗಿ ಹೇಳಿದ. "ನಾ ಉಂಡ ಬಟ್ಲನ್ನ ನಂಗೆ ತೊಳುಕೆ ಬಿಡುದಿಲ್ಲೆ ನೀ. ಬಾಕಿ ಪಾತ್ರಿ ಎಲ್ಲ ಬಿಡ್ತೆ. ಮೊನ್ನೆ ನೀ ಜ್ವರ ಬಂದ್ ಮಲ್ಗಿದೆ, ಸೀತಕ್ಕ ಗಂಜಿ ಕೊಟ್ಲ್. ಎರಡ್ ದಿನ ನಂಗೆ ಹಗಲ್ ನಿದ್ದಿ ಬರ್ಲಿಲ್ಲೆ."

ವನಜ ಅವನ ತಲೆಯ ಕಡೆ ಕೈ ಚಾಚಿದಳು. "ಎಂತದೂ ಹಾಕ್ಲಿಲ್ಲಾ ಮಾರಾಯ. ಬಾ, ನಿನ್ ತಲಿ ಮುಟ್ಟಿ..."

"ಆಣಿ ಬ್ಯಾಡ." ಚಂದಯ್ಯ ಬಟ್ಟಲನ್ನು ಅವಳ ಮುಂದೆ ಸರಿಸಿದ. "ನೀ ಉಣ್ಣ್, ಕಾಂಬ."

ಉಣ್ಣುವುದಿಲ್ಲ ಎಂದರೆ ಒಪ್ಪಿಕೊಂಡ ಹಾಗೆ. ಚೆಲ್ಲಿದರೆ ಇನ್ನೂ ಕಷ್ಟ. ಅವಳ ತಲೆ ಮಾರ್ಕೆಟ್ಟಿನ ತಲೆ, ಒಂದು ಗಳಿಗೆಯಲ್ಲಿ ಲೆಕ್ಕ ಹಾಕಿತು. ಒಂದೇ ಒಂದು ಮಾತ್ರೆಯ ಪುಡಿ. ಅವನು ದಿನಾ ನುಂಗಿಯೂ ಎದ್ದು ಓಡಾಡುತ್ತಾನೆ. ಕಲ್ಲಿನಂಥ ಮೈಯ ತನಗೇನಾಗುತ್ತದೆ? "ಅಯ್ಯೋ, ಅಷ್ಟೇ ಅಲ್ದಾ?" ಎಂದು ನಕ್ಕು, ಬಟ್ಟಲಿನ ಸಾರನ್ನೆಲ್ಲ ಗಂಜಿಗೆ ಸುರಿದು, ಕಲಸಿ, ಅವನು ನೋಡುತ್ತಿದ್ದ ಹಾಗೆ ಕೊನೆಯ ಅಗುಳಿನವರೆಗೆ ಉಂಡಳು. ಬಟ್ಟಲಿನ ತಳವನ್ನು ಬೆರಳು ಹಾಕಿ ನೆಕ್ಕಿಯೂ ತೋರಿಸಿದಳು. ಅವನ ಮುಖದಲ್ಲಿ ಸಂಶಯ ಮೆಲ್ಲಗೆ ಇಳಿದು ನಾಚಿಕೆ ಬಂತು. "ತಪ್ಪಾಯ್ತ್ ಅಕ್ಕ," ಎಂದ. "ಕಾಯ್ಲೆ ಮತ್ತೆ ಸುರು ಆಯ್ತಾ ಏನ." ಆ ಮಾತು ಕೇಳಿ ಅವಳಿಗೆ ಗೆದ್ದೆ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಬುಟ್ಟಿ ಎತ್ತಿಕೊಂಡು ಹೊರಟುಬಿಟ್ಟಳು.

ಹತ್ತು ಗಂಟೆಯವರೆಗೆ ಏನೂ ಇಲ್ಲ. ಆಮೇಲೆ ನಾಲಿಗೆ ದಪ್ಪವಾಯಿತು. ಗಿರಾಕಿಯೊಬ್ಬ ಎಂಟು ಬಂಗುಡೆ ಕೇಳಿದರೆ ಅವಳು ಹದಿನೈದು ಹಾಕಿದಳು. ಎತ್ತಿದ ಕತ್ತಿ ಮೀನಿನವರೆಗೆ ಹೋಗಲು ಒಂದು ಯುಗ ಹಿಡಿಯಿತು. ಸುತ್ತಲಿನ ಗಲಾಟೆಯೆಲ್ಲ ಎಲ್ಲೋ ದೂರದಿಂದ ಕೇಳಿದಂತಾಯಿತು. ಕಣ್ಣು ಮುಚ್ಚಬಾರದು, ಮುಚ್ಚಬಾರದು ಎಂದುಕೊಂಡರೂ ರೆಪ್ಪೆ ಅವಳ ಮಾತು ಕೇಳಲಿಲ್ಲ. ಏಳೋಣವೆಂದರೆ ಕಾಲು ತನ್ನದಲ್ಲ. ಆಗ ಅವಳಿಗೆ ನೆನಪಾದದ್ದು ಒಂದೇ. ಹನ್ನೆರಡು ವರ್ಷ ಜಗಲಿಯಲ್ಲಿ ಹೀಗೇ ಕುಳಿತವನನ್ನು ತಾನು ಏನೆಲ್ಲ ಬೈದಿಲ್ಲ! ಸೋಂಬೇರಿ, ಕೂಳಿಗೆ ದಂಡ, ಒಂದು ಕೊಡ ನೀರು ಸೇದುವುದಕ್ಕೂ ಇಲ್ಲ. ಒಮ್ಮೆ ಮೀನು ತೊಳೆದ ನೀರನ್ನೇ ಅವನ ಮುಖಕ್ಕೆ ಎರಚಿದ್ದಳು.

"ಹ್ವಾಯ್, ವನಜಕ್ಕಂಗೆ ಎಂತದೋ ಆಯ್ತ್!" ಎಂದು ಯಾರೋ ಕೂಗಿದರು. ಸೀತು ಓಡಿಬಂದು ಅವಳ ಕೆನ್ನೆ ತಟ್ಟಿದಳು. "ಮಾರಾಯ್ತಿ, ಕಣ್ ಬಿಡೆ! ಬಾಯಂಗೆ ಜೊಲ್ ಇಳಿತಾ ಇತ್ತಲ್ಲೆ! ಲಕ್ವ ಹೊಡಿತಾ ಕಾಂತ್ತ್, ತಮ್ಮಂಗೆ ಹೇಳಿ ಕಳ್ಸಿ!"

ಬೀಜಾಡಿಯಿಂದ ಚಂದಯ್ಯ ರಿಕ್ಷಾ ಕಾಯಲಿಲ್ಲ. ನಡೆದೇ ಬಂದ. ದಾಪುಗಾಲು ಹಾಕಿಕೊಂಡು ಬರುತ್ತಿದ್ದವನನ್ನು ಕಂಡು ಮಾರ್ಕೆಟ್ಟಿನವರೇ ಬಾಯಿ ಬಿಟ್ಟರು. ಅವನು ಬಗ್ಗಿ ಅಕ್ಕನ ಗಲ್ಲ ಹಿಡಿದು ಮುಖ ಎತ್ತಿದ. ಅರ್ಧ ಮುಚ್ಚಿದ ಕಣ್ಣು ನೋಡಿದ. ಕೈ ಎತ್ತಿ ಬಿಟ್ಟ, ಅದು ಮೆಲ್ಲಗೆ ಕೆಳಗೆ ಬಿತ್ತು. ಅವಳು ಏನೋ ಹೇಳಲು ಹೋದಳು, ಮಾತು ಒದ್ದೆ ಬಟ್ಟೆಯಂತೆ ಭಾರವಾಗಿ ಅಲ್ಲೇ ಉಳಿಯಿತು. ಅವನು ಎಷ್ಟೋ ಹೊತ್ತು ನೋಡಿದ.

"ಲಕ್ವ ಅಲ್ಲ ಸೀತಕ್ಕ," ಎಂದ ಕೊನೆಗೆ. "ಇದ್ ನನ್ನ್ ನಿದ್ದಿ."

ಸೀತುವಿಗೆ ಏನೂ ಅರ್ಥವಾಗಲಿಲ್ಲ. ವನಜಳಿಗೆ ಆ ಮಂಪರಿನಲ್ಲೂ ಎಲ್ಲ ಅರ್ಥವಾಯಿತು.

ಅವಳಿಗೆ ಸರಿಯಾಗಿ ಎಚ್ಚರವಾದಾಗ ಸಂಜೆ ನಾಲ್ಕು ಗಂಟೆ. ಮನೆಯ ಚಾಪೆಯ ಮೇಲಿದ್ದಳು. ಚಂದಯ್ಯ ಗೋಡೆಗೊರಗಿ ಕುಳಿತಿದ್ದ. ಅವನ ಮುಂದೆ ಅಕ್ಕಿ ಡಬ್ಬಿಯ ತಳದಲ್ಲಿ ಅವಳು ಅಡಗಿಸಿಟ್ಟಿದ್ದ ಮಾತ್ರೆಯ ಪಟ್ಟಿಗಳೆಲ್ಲ ಇದ್ದವು. ಹುಡುಕಲು ಅವನಿಗೆ ಹೆಚ್ಚು ಹೊತ್ತು ಬೇಕಾಗಿರಲಿಕ್ಕಿಲ್ಲ. ಅವನು ಕೂಗುತ್ತಾನೆ, ಹೊಡೆಯುತ್ತಾನೆ ಎಂದು ಅವಳು ಕಾದಳು. ಅವನು ಕೂಗಲಿಲ್ಲ.

"ಎಷ್ಟ್ ವರ್ಷ ಆಯ್ತ್ ಅಕ್ಕ?"

"ಹನ್ನೆರಡ್."

"ಹನ್ನೆರಡ್ ವರ್ಷ ನಾ ಹೇಳ್ದೆ, ನೀ ಎಂತದೋ ಹಾಕ್ತೆ ಅಂದೇಳಿ. ಎಲ್ಲರತ್ರ ಹೇಳ್ದೆ. ಎಲ್ರೂ ನಗಾಡ್ರ್. ನೀನೂ ನಗಾಡಿದೆ. ಆಮೇಲೆ ನಾನೇ ಅಂದ್ಕಂಡೆ, ನನ್ ಮಂಡೆ ಹಾಳಾಯ್ತ್, ಅಕ್ಕ ಅಂಥವಳಲ್ಲ." ಅವನು ಒಂದು ಪಟ್ಟಿಯನ್ನು ತಿರುಗಿಸಿ ನೋಡಿದ. "ಮರ್ಲ, ಹುಚ್ಚ ಅಂದ್ರ್ ಅಲ್ದಾ ನಂಗೆ? ಈ ಒಂದ್ ವಿಷ್ಯದಗೆ ನಾ ಸಮಾ ಇದ್ದಿದೆ."

"ನಾ ಮೊದಲ್ ಕೈಗೇ ಕೊಟ್ಟಿದ್ದೆ ಮಾರಾಯ!" ವನಜ ಎದ್ದು ಕುಳಿತಳು. ಅಳು, ಸಿಟ್ಟು ಎರಡೂ ಒಟ್ಟಿಗೆ ಬಂದವು. "ಕಾಲ್ ಹಿಡ್ದ್ ಕೊಟ್ಟಿದ್ದೆ. ನೀ ಬಾವಿಗ್ ಎಸ್ದೆ. ರೈಲಿನ ಹಳಿ ಮೇಲೆ ಹೋದೆ. ನಾ ಎಂತ ಮಾಡ್ಕಿತ್ತ್? ಹೇಳ್, ಎಂತ ಮಾಡ್ಕಿತ್ತ್? ಅಮ್ಮ ಸತ್ತ್ಲ್, ನೀನೂ ಸಾಯ್ಕಿತ್ತಾ?"

ಚಂದಯ್ಯ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ. ಬಾವಿಗೆ ಎಸೆದದ್ದು ಅವನಿಗೆ ನೆನಪಿತ್ತೋ ಇಲ್ಲವೋ. ಕೊನೆಗೆ, "ಆಗ ನೀ ಸಮಾ ಮಾಡಿದ್ದೆ ಏನೋ," ಎಂದ. "ಆಮೇಲೆ ಒಂದಿನ ಹೇಳ್ಕಿತ್ತ್. ನಾಕ್ ವರ್ಷ ಕಳ್ದ್ ಮೇಲೆ ಆದ್ರೂ ನನ್ನತ್ರ ಕೇಣ್ಕಿತ್ತ್. ಅದಿರ್ಲಿ. ಆ ಸೂಜಿ ಇತ್ತಾ ಇಲ್ಯಾ?"

ಅವಳು ತಲೆ ತಗ್ಗಿಸಿದಳು. "ಇತ್ತ್."

ಮಾತ್ರೆಯ ಮಾತು ಬಂದಾಗ ಅಲುಗದವನು ಇದಕ್ಕೆ ಮುಖ ಮುಚ್ಚಿಕೊಂಡು ಅತ್ತ. ಗಂಡಸು ಅಷ್ಟು ಜೋರಾಗಿ ಅಳುವುದನ್ನು ಅವಳು ಕೇಳಿರಲಿಲ್ಲ. ಹತ್ತಿರ ಹೋಗಿ ಬೆನ್ನು ಸವರಲು ಕೈ ಎತ್ತಿದಳು, ಮುಟ್ಟಲು ಧೈರ್ಯ ಸಾಲಲಿಲ್ಲ. ಅತ್ತು ಮುಗಿಸಿ ಅವನು ಒಂದೇ ಮಾತು ಹೇಳಿದ: "ನಾಳೆ ನನ್ನೊಟ್ಟಿಗೆ ಬಪ್ಪುದ್. ಎಲ್ಲರೆದ್ರು ಹೇಳುದ್."

ಮರುದಿನ ಗುರುವಾರ, ಕೇಂದ್ರದಲ್ಲಿ ಮನೆಯವರೂ ಬರುವ ದಿನ. ಎಲ್ಲರೂ ಸುತ್ತ ಕುಳಿತಿದ್ದರು. ವನಜ ಎದ್ದು ನಿಂತಳು. ಮಾರ್ಕೆಟ್ಟಿನಲ್ಲಿ ಹತ್ತು ಜನಕ್ಕೆ ಕೇಳುವ ಹಾಗೆ ಕೂಗುವವಳ ದನಿ ಅಲ್ಲಿ ಹೊರಡಲಿಲ್ಲ. ಎರಡನೇ ಸಲಕ್ಕೆ ಹೊರಟಿತು. "ನನ್ ತಮ್ಮ ಹೇಳದ್ದ್ ನಿಜ. ಅವಂಗೆ ಗೊತ್ತಿಲ್ದೇ ನಾ ಸಾರಿಗೆ ಮಾತ್ರಿ ಹಾಕ್ತಿದ್ದೆ. ಹನ್ನೆರಡ್ ವರ್ಷ. ತಲಿ ಮುಟ್ಟಿ ಸುಳ್ಳ್ ಹೇಳ್ದೆ. ಪುಸ್ತಕದಗೂ ಸುಳ್ಳ್ ಬರ್ದೆ." ಮೂಲೆಯಲ್ಲಿ ಕುಳಿತಿದ್ದ ಒಬ್ಬ ಯುವಕ ಮೆಲ್ಲಗೆ ತಿರುಗಿ, ಪಕ್ಕದಲ್ಲಿದ್ದ ತನ್ನ ಅಮ್ಮನ ಮುಖವನ್ನೇ ದಿಟ್ಟಿಸತೊಡಗಿದ. ಆ ಅಮ್ಮ ಚೀಲದೊಳಗೆ ಏನೋ ಹುಡುಕತೊಡಗಿದಳು.

"ಕೇಣ್ದೇ ಕೊಡೂದ್ ತಪ್ಪಕ್ಕ," ನವ್ಯಶ್ರೀ ಹೇಳಿದಳು.

"ತಪ್ಪ್ ಅಂದೇಳಿ ನಂಗೊತ್ತಿಲ್ಯಾ?" ವನಜ ಸಿಡುಕಿದಳು. "ರೈಲ್ ಹಳಿಯಂಗೆ ಹುಡುಕುವಾಗ ನೀ ಇದ್ದಿದ್ಯಾ?" ಅಷ್ಟು ಹೇಳಿ ಕುಸಿದು ಕುಳಿತಳು. ನವ್ಯಶ್ರೀ ನೀರು ತಂದುಕೊಟ್ಟಳು.

ಶನಿವಾರ ಕೇಂದ್ರಕ್ಕೆ ಬರುವ ಡಾಕ್ಟರು ಚಂದಯ್ಯನನ್ನೇ ಎದುರು ಕೂರಿಸಿಕೊಂಡು ಒಂದು ಗಂಟೆ ಮಾತಾಡಿದರು. ಮಾತ್ರೆ ನಿಲ್ಲಿಸಿದರೆ ಏನಾಗಬಹುದು, ತೆಗೆದುಕೊಂಡರೆ ನಿದ್ದೆ ಯಾಕೆ ಬರುತ್ತದೆ ಎಲ್ಲ ಹೇಳಿದರು. ಚಂದಯ್ಯ ಎರಡೇ ಪ್ರಶ್ನೆ ಕೇಳಿದನಂತೆ: ಹೊಗೆಯೊಳಗಿನ ದನಿ ಮತ್ತೆ ಬರುತ್ತದಾ? ನಾನು ನಡೆಯುವುದಕ್ಕೆ ಆಗುತ್ತದಾ? ಕಡಿಮೆ ಪವರಿನ ಮಾತ್ರೆ ಬರೆದುಕೊಟ್ಟರು. ಬಸ್ಸಿನಲ್ಲಿ ವಾಪಸ್ಸು ಬರುವಾಗ ಅವನು ಚೀಟಿಯನ್ನು ತನ್ನ ಜೇಬಿನಲ್ಲೇ ಇಟ್ಟುಕೊಂಡಿದ್ದ. ತೆಗೆದುಕೊಳ್ಳುತ್ತಾನಾ ಎಂದು ಕೇಳಲು ವನಜಳಿಗೆ ಬಾಯಿ ಬರಲಿಲ್ಲ. ಮನೆ ತಲುಪುವವರೆಗೂ ಅವಳ ಕಣ್ಣು ಆ ಜೇಬಿನ ಮೇಲೆಯೇ ಇತ್ತು.

ಭಾನುವಾರ ಬೆಳಿಗ್ಗೆ ಅವನು ಸ್ನಾನ ಮುಗಿಸಿ ಅಡುಗೆಮನೆಗೆ ಬಂದ. ಹೊಸ ಪಟ್ಟಿಯನ್ನು ಅವಳ ಕೈಗೆ ಕೊಟ್ಟ. "ನೀನೇ ತೆಗ್ದ್ ಕೊಡ್," ಎಂದು ಅಂಗೈ ಚಾಚಿದ. ಅವಳು ಪಟ್ಟಿ ಒಡೆದು ಒಂದು ಮಾತ್ರೆಯನ್ನು ಅವನ ಅಂಗೈಗೆ ಹಾಕಿದಳು, ಇಡಿಯಾಗಿ. ಚಂದಯ್ಯ ಅದನ್ನು ನಾಲಿಗೆಯ ಮೇಲಿಟ್ಟು ನೀರು ಕುಡಿದ. ಆಮೇಲೆ ಬಾಯಿ ಅಗಲವಾಗಿ ತೆರೆದು, ನಾಲಿಗೆ ಎತ್ತಿ ತೋರಿಸಿದ.

"ಕಂಡ್ಯಾ? ನುಂಗ್ದೆ."

ವನಜಳಿಗೆ ಹೋದ ಜೀವ ಬಂದಂತಾಯಿತು. ಇಷ್ಟು ವರ್ಷ ಹೆದರಿದ್ದೆಲ್ಲ ಸುಳ್ಳಾಯಿತಲ್ಲ, ತಮ್ಮ ಉಳಿದನಲ್ಲ! ಕಣ್ಣೊರೆಸಿಕೊಂಡು ಗಡಿಬಿಡಿಯಲ್ಲಿ ಎರಡು ಮಣೆ ಹಾಕಿದಳು. ಎರಡು ತಟ್ಟೆಗೆ ಗಂಜಿ ಬಡಿಸಿ, ಒಂದೇ ಮಡಕೆಯಿಂದ, ಅವನು ನೋಡುವ ಹಾಗೆ, ಎರಡಕ್ಕೂ ಮೇಲಿನಿಂದಲೇ ಸಾರು ಹೊಯ್ದಳು. ಚಂದಯ್ಯ ಕುಳಿತುಕೊಳ್ಳಲಿಲ್ಲ. ಪಕ್ಕದ ಒಲೆಗೆ ಎರಡು ಸೌದೆ ತುರುಕಿ ಬೆಂಕಿ ಹಚ್ಚಿದ. ಅಮ್ಮನ ಕಾಲದ ಸಣ್ಣ ತಪಲೆಯನ್ನು ಎರಡು ಸಲ ತೊಳೆದು, ತಾನೇ ಬಾವಿಯಿಂದ ಸೇದಿ ತಂದ ನೀರು ಹಾಕಿ, ಒಂದು ಹಿಡಿ ಅಕ್ಕಿ ತೊಳೆದು ಸುರಿದ.

"ಈಗ ಎಂತದೂ ಇಲ್ಯಾ ಅದ್ರೊಳ್ಗೆ," ವನಜ ಹೇಳಿದಳು. "ನೀನೇ ಕಂಡ್ಯಲ್ಲ."

"ಗೊತ್ತ್."

"ಗೊತ್ತಿದ್ರೆ ಉಣ್ಣ್."

ಅವನು ಅವಳ ಕಡೆ ನೋಡಿದ. ಕಣ್ಣಿನಲ್ಲಿ ಸಿಟ್ಟಿರಲಿಲ್ಲ. "ಮಂಡೆಗೆ ಗೊತ್ತ್ ಅಕ್ಕ," ಎಂದ. "ಕೈ ಹೋತಿಲ್ಲೆ."

ಅವನು ಒಲೆಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ಬೆಂಕಿ ಊದತೊಡಗಿದ. ಅಕ್ಕಿ ಬೇಯಲು ಇನ್ನೂ ಅರ್ಧ ಗಂಟೆ ಬೇಕಿತ್ತು. ವನಜ ತನ್ನ ತಟ್ಟೆ ಮತ್ತು ಅವನ ತಟ್ಟೆಯನ್ನು ಮುಂದಿಟ್ಟುಕೊಂಡು ಕುಳಿತೇ ಇದ್ದಳು. ಎರಡೂ ಆರಿ ತಣ್ಣಗಾದವು.